ಎಡಗಡೆಯ ದೀಪ

ಹೊನ್ನೇಶನ ಮನೆಯಲ್ಲಿ ಓವನ್ ಇರಲಿಲ್ಲ.

ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ಇತ್ತು. ಕಾರಿನ ಹೆಡ್‌ಲೈಟು ಬಿಚ್ಚುತ್ತಾರೆ, ಓವನ್ನಿನೊಳಗೆ ಹತ್ತು ನಿಮಿಷ ಇಡುತ್ತಾರೆ, ಅಂಟು ಮೆತ್ತಗಾಗುತ್ತದೆ, ಮುಂದಿನ ಗಾಜನ್ನು ಹಿಂದಿನ ಬಟ್ಟಲಿನಿಂದ ಬಿಡಿಸುತ್ತಾರೆ. ಬುಕ್ಕಾಂಬುಧಿಯ ಆ ಮನೆಯಲ್ಲಿ ಬಿಸಿ ಎಂದರೆ ಬಚ್ಚಲ ಒಲೆ. ಅಣ್ಣ ದುಶ್ಯಂತ ಮೂರು ವರ್ಷದ ಹಿಂದೆ ಇದೇ ಕೆಲಸವನ್ನು ಅದೇ ಒಲೆಯ ಮೇಲೆ ಮಾಡಿದ್ದ. ಕಡೂರಿನ ಹಾಸ್ಟೆಲಿನಲ್ಲಿದ್ದಾಗಿನ ತನ್ನ ತಗಡಿನ ಟ್ರಂಕನ್ನು ಕೆಂಡದ ಮೇಲಿಟ್ಟು, ತಳಕ್ಕೆ ಎರಡು ಇಟ್ಟಿಗೆ, ಇಟ್ಟಿಗೆಯ ಮೇಲೆ ಹೆಡ್‌ಲೈಟು, ಪಕ್ಕದಲ್ಲಿ ಒಂದು ಚೂರು ಕೊಬ್ಬರಿ. ಮುಚ್ಚಳ ತೆಗೆದಾಗ ಕೊಬ್ಬರಿ ಎಣ್ಣೆ ಬೆವರಿದ್ದರೆ ಹದ ಬಂತು. ಕೊಬ್ಬರಿ ಕೆಂಪಗಾದರೆ ಹೆಡ್‌ಲೈಟೂ ಹೋಯಿತು ಎಂದು ಲೆಕ್ಕ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೆಂಗಿನ ತೋಟದವನ ತಲೆಗೆ ಹೊಳೆದಿತ್ತು, ಮಾಡಿದ್ದ, ಆಗಿತ್ತು.

ಆ ದುಶ್ಯಂತ ಸತ್ತು ಹದಿನಾಲ್ಕು ತಿಂಗಳಾಗಿತ್ತು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಒದ್ದೆ ಕೈ ಹಾಕಿದ್ದ. ಮೂವತ್ತಾರು ವರ್ಷ. ಹೆಂಡತಿ ನಯನ, ತಾಯಿ ದುರ್ಗಮ್ಮ, ತಮ್ಮ ಹೊನ್ನೇಶ ಮತ್ತು ಒಂದು ಹಳೆಯ ಬಿಳಿ ಕಾರು, ಇವಿಷ್ಟು ಉಳಿದವು.

ಕಾರಿನ ಎಡಗಡೆಯ ಹೆಡ್‌ಲೈಟಿನೊಳಗೆ ಮಂಜು ಹಿಡಿಯುತ್ತಿತ್ತು. ದುಶ್ಯಂತ ಇದ್ದಾಗಲೂ ಹಿಡಿಯುತ್ತಿತ್ತೇನೋ, ಆಗ ಯಾರು ನೋಡಿದ್ದರು. ಅವನು ಹೋದ ಮೇಲೆ ಮೊದಲ ಮಳೆಗಾಲದಲ್ಲಿ ಒಂದು ಮುಸ್ಸಂಜೆ ನಯನ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದಳು. ದೀಪ ಇನ್ನೂ ಉರಿಯುತ್ತಿತ್ತು. ಜಗಲಿಯ ಮೇಲಿದ್ದ ದುರ್ಗಮ್ಮ ಎದ್ದು ಬಂದು ಎಡಗಡೆಯ ದೀಪದೆದುರು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಮಂಜಿನ ನಡುವೆ ನಾಲ್ಕು ಬೆರಳುಗಳ ಗುರುತು ಇತ್ತು. ಒಳಗಡೆಯಿಂದ ಯಾರೋ ಗಾಜಿಗೆ ಕೈ ಊರಿದಂತೆ. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಗುರುತು ಹೊರಗಿರಲಿಲ್ಲ.

"ದುಶ್ಯಂತ ಕಣೋ," ಎಂದಳು ಹಿಂದೆ ನಿಂತಿದ್ದ ಹೊನ್ನೇಶನಿಗೆ. "ಒಳಗವ್ನೆ."

ಜಿಡ್ಡು ತಾಗಿದ ಕಡೆ ಹಬೆ ಕೂರುವುದಿಲ್ಲ ಎಂಬುದು ಹೊನ್ನೇಶನಿಗೆ ಗೊತ್ತಿತ್ತು. ದೀಪ ಬಿಚ್ಚಿದವನು ಗಾಜಿನ ಒಳಮೈ ಮುಟ್ಟಿರುತ್ತಾನೆ, ಮುಟ್ಟಿದ ಗುರುತು ಉಳಿದಿದೆ, ಅಷ್ಟೇ ಸಂಗತಿ. ಅಷ್ಟೇ ಎಂದುಕೊಂಡರೂ ಒಂದು ಹೆಜ್ಜೆ ಹಿಂದೆ ಸರಿದ. ಅಂದಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ದುರ್ಗಮ್ಮ ಮೊದಲು ದೇವರ ದೀಪದ ಕಂಬಕ್ಕೆ ಬತ್ತಿ ಹಾಕುತ್ತಿದ್ದಳು, ಆಮೇಲೆ ಕಾರು ಮನೆಗೆ ಬಂದ ಕೂಡಲೇ ಅಂಗಳಕ್ಕೆ ಇಳಿದು "ಹಾಕೋ ಲೈಟ್ನ" ಎನ್ನುತ್ತಿದ್ದಳು. ಹತ್ತು ನಿಮಿಷ ಕೈ ಮುಗಿದು ಕೂರುತ್ತಿದ್ದಳು. ಬೇಸಿಗೆಯಲ್ಲಿ ಮಂಜು ಬಾರದ ದಿನ ಊಟ ಸೇರುತ್ತಿರಲಿಲ್ಲ. ಒಂದೆರಡು ಸಲ ಬ್ಯಾಟರಿ ಕೂತು ಬೆಳಗ್ಗೆ ಕಾರನ್ನು ತಳ್ಳಬೇಕಾಯಿತು.

ನಯನ ಒಂದು ವರ್ಷ ಸುಮ್ಮನಿದ್ದಳು. ಅವಳಿಗೆ ತರೀಕೆರೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಏಳಕ್ಕೆ ಮುಗಿಯುತ್ತದೆ, ಬರುವಷ್ಟರಲ್ಲಿ ಕತ್ತಲು. ಈ ಆಷಾಢದಲ್ಲಿ ಒಂದು ಸಂಜೆ ಕೆರೆ ಏರಿಯ ಮೇಲೆ ಎಡಕ್ಕೆ ನಡೆದು ಹೋಗುತ್ತಿದ್ದ ಮುದುಕನೊಬ್ಬ ಅವಳಿಗೆ ಕಾಣಲಿಲ್ಲ. ಕನ್ನಡಿ ಅವನ ಹೆಗಲ ಮೇಲಿದ್ದ ಕಂಬಳಿಗೆ ತಾಗಿತು. ಕಂಬಳಿ ಬಿತ್ತು, ಮುದುಕ ಬೀಳಲಿಲ್ಲ. ಮನೆಗೆ ಬಂದವಳು ಬ್ಯಾಗನ್ನು ನೆಲಕ್ಕೆ ಎಸೆದಳು.

"ಹೊನ್ನೇಶಾ, ನಾಳೆನೇ ಅದನ್ನ ಬಿಚ್ಚು. ಹಳದಿ ತೆಗಿ, ಮಂಜು ತೆಗಿ, ಹೊಸ ಅಂಟು ಹಾಕಿ ಮುಚ್ಚು."

"ಬಿಚ್ಚಬ್ಯಾಡ ಕಣೋ," ದುರ್ಗಮ್ಮ ಒಳಗಿನಿಂದ ಕೂಗಿದಳು. "ಅವ್ನ ಕೈ ಅದು."

"ಅತ್ತೆ, ಸತ್ತೋರ ಕೈ ನೋಡ್ಕೊಂಡು ನಾನೂ ಯಾರ್ನಾದ್ರೂ ಸಾಯಿಸ್ಲಾ?"

"ನಿಂಗೇನೇ, ನೀನು ಗಂಡನ್ನ ಕಳ್ಕಂಡೆ. ನಾನು ಹೆತ್ತಿದ್ದು."

"ಹೌದಪ್ಪ, ನಾನು ಸಂತೇಲಿ ತಂದಿದ್ದೆ ನೋಡಿ ಅವ್ರನ್ನ."

ಹೊನ್ನೇಶ ಮರುದಿನವೇ ಕಡೂರಿಗೆ ಹೋಗಿ ಗುಜರಿಯ ಜವರಯ್ಯನನ್ನು ಕೇಳಿದ. ಬೇರೆ ಹೆಡ್‌ಲೈಟು ಸಿಕ್ಕರೆ ಇದನ್ನು ಬಿಚ್ಚುವ ಪ್ರಮೇಯವೇ ಇಲ್ಲ. ಆ ಮಾಡೆಲ್ಲು ಕಂಪನಿಯವರೇ ನಿಲ್ಲಿಸಿದ್ದರು.

"ಬಲಗಡೇದು ಬೇಕಾ, ನಾಕವೆ. ಎಡಗಡೇದು ಇಲ್ಲ ಕಣಪ್ಪ," ಎಂದ ಜವರಯ್ಯ. "ನಮ್ಮ ಜನ ಗುದ್ದೋದೆಲ್ಲ ಎಡಕ್ಕೇ. ಬಂದ್ರೆ ಫೋನ್ ಮಾಡ್ತೀನಿ."

ಬಿಚ್ಚಲೇಬೇಕಾಯಿತು. ತಾಯಿಗೆ ಹೊನ್ನೇಶ ಮಾತು ಕೊಟ್ಟ. "ಹೊರಗಡೆ ಹಳದಿ ಮಾತ್ರ ಉಜ್ತೀನಿ ಕಣವ್ವ. ಒಳಗಡೆ ಬೆರಳು ಮುಟ್ಟಲ್ಲ." ಮಂಜು ಹಿಡಿಯುವುದು ನಿಂತರೆ ಬೆರಳೂ ಕಾಣುವುದಿಲ್ಲ ಎಂಬುದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಗುರುವಾರ ಬೆಳಗ್ಗೆ ಬಚ್ಚಲ ಒಲೆಯ ಕೆಂಡ ಹದಮಾಡಿ ಟ್ರಂಕು ಇಟ್ಟ. ಮುಚ್ಚಳದ ಒಳಗೆ ಅಣ್ಣ ಬಿಳಿ ಬಣ್ಣದಲ್ಲಿ ಬರೆದುಕೊಂಡಿದ್ದ ಹೆಸರು, ರೂಮ್ ನಂಬರು ಇನ್ನೂ ಇತ್ತು. ಕೊಬ್ಬರಿ ಬೆವರಿತು. ಚಿಂದಿ ಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆದು, ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ನಿಧಾನ ಎಬ್ಬಿಸಿದ. ಕಪ್ಪು ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಿಟ್ಟಿತು. ಒಳಗಿನಿಂದ ಮುಗ್ಗಲು ವಾಸನೆಯ ಗಾಳಿ ಮುಖಕ್ಕೆ ಬಡಿಯಿತು. ಮೂರು ವರ್ಷದ ಹಿಂದಿನ ಗಾಳಿ. ಮುಚ್ಚಿದ ದಿನ ಅಣ್ಣ ಇದರ ಹತ್ತಿರ ಮುಖವಿಟ್ಟು ಉಸಿರಾಡಿದ್ದ. ಹೊನ್ನೇಶ ತನಗರಿವಿಲ್ಲದೆ ಉಸಿರು ಬಿಗಿಹಿಡಿದ. ಆಮೇಲೆ ಬಿಟ್ಟ.

ಗಾಜು ಒಣಗಿತ್ತು, ಗುರುತು ಕಾಣಲಿಲ್ಲ. ಒಳಮೈಗೆ ಬಾಯಿ ಹತ್ತಿರ ತಂದು "ಹಾ" ಎಂದು ಊದಿದ. ನಾಲ್ಕು ಬೆರಳು ಬಂದವು. ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು.

ಹೊನ್ನೇಶ ತನ್ನ ಎಡಗೈ ನೋಡಿಕೊಂಡ. ಎಂಟನೇ ಕ್ಲಾಸಿನಲ್ಲಿ ಕಬಡ್ಡಿಯಲ್ಲಿ ಮುರಿದ ಕಿರುಬೆರಳು. ಇನ್ನೊಮ್ಮೆ ಊದಿ, ಗಾಜಿಗೆ ತಾಗದಂತೆ ಕೈ ಹಿಡಿದ. ಬೆರಳಿಗೆ ಬೆರಳು ಸರಿಯಾಗಿ ಕೂತಿತು.

ಆ ದಿನದ್ದೆಲ್ಲ ಆಗ ನೆನಪಾಯಿತು. ಅಣ್ಣನ ಎರಡೂ ಕೈ ಅಂಟು. "ಲೇ, ಗಾಜು ನೀನ್ ಹಿಡ್ಕಳೋ, ನನ್ ಕೈ ನೋಡು ಕೋತಿ ಕೈ ಆಗದೆ," ಎಂದಿದ್ದ. ಗಾಜು ಹಿಡಿದು ಕೂರಿಸಿದ್ದು ಹೊನ್ನೇಶ. ದುಶ್ಯಂತ ಗಾಜು ಮುಟ್ಟಿರಲೇ ಇಲ್ಲ. ಮುಟ್ಟಿದ್ದರೆ ಗುರುತು ಕಪ್ಪಗಿರುತ್ತಿತ್ತು. ಒಂದು ವರ್ಷದಿಂದ ದುರ್ಗಮ್ಮ ಕೈ ಮುಗಿದದ್ದು ಮನೆಯಲ್ಲೇ ಓಡಾಡಿಕೊಂಡು, ಉಂಡು, ಗೊರಕೆ ಹೊಡೆಯುತ್ತಿದ್ದ ಮಗನ ಬೆರಳಿಗೆ.

ಬಟ್ಟಲನ್ನು ತಿರುಗಿಸಿ ಬೆಳಕಿಗೆ ಹಿಡಿದ. ಬೆಳ್ಳಿಯಂತೆ ಹೊಳೆಯುವ ಒಳಮೈಯಲ್ಲಿ ಅವನದೇ ಮುಖ ಉದ್ದಕ್ಕೆ, ಅಡ್ಡಕ್ಕೆ ಎಳೆದುಕೊಂಡು ಕಂಡಿತು. ಕೆಳಗಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ತೂತು ಇರಬೇಕು. ಹೆಡ್‌ಲೈಟು ಉಸಿರಾಡುವುದು ಅದರಿಂದ. ತೂತು ಕಾಣಲಿಲ್ಲ. ನೀರು ಬರುತ್ತದೆ ಎಂದು ದುಶ್ಯಂತ ಅಲ್ಲಿಗೆ ಅಂಟು ಒತ್ತಿಬಿಟ್ಟಿದ್ದ. ಒಳಗಿನ ಹಸಿ ಹೊರಗೆ ಹೋಗಲು ದಾರಿಯಿಲ್ಲದೆ ಮಂಜಾಗುತ್ತಿದ್ದದ್ದು ಇದಕ್ಕೇ. ಒತ್ತಿದ ಅಂಟಿನ ಮೇಲೆ ಹೆಬ್ಬೆರಳಿನ ಗುರುತು ಇತ್ತು. ಗೆರೆ ಗೆರೆ ಎಣಿಸುವ ಹಾಗೆ ಇತ್ತು. ಗೆರೆಗಳ ನಡುವೆ ಉದ್ದಕ್ಕೆ ಒಂದು ಸೀಳು. ತೆಂಗಿನಕಾಯಿ ಸುಲಿಯುವ ಹಾರೆ ದುಶ್ಯಂತನ ಹೆಬ್ಬೆರಳನ್ನು ಎರಡು ಹೋಳು ಮಾಡಿತ್ತು, ಹೊಲಿಗೆ ಹಾಕಿ ಕೂಡಿಸಿದ್ದರು. ಅಂಥ ಹೆಬ್ಬೆರಳು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಪಿಯುಸಿ ಓದಿದವನು, ಎಲ್ಲ ಕಾಗದಕ್ಕೂ ಸಹಿ ಹಾಕಿ ಹೋಗಿದ್ದ. ಹೆಬ್ಬೆಟ್ಟು ಒತ್ತಿದ್ದು ಮನೆಯಲ್ಲಿ ಇದೊಂದೇ ಕಡೆ.

ದೀಪ ಸರಿಯಾಗಬೇಕಾದರೆ ಆ ಅಂಟು ಕೀಳಬೇಕು. ಹೊನ್ನೇಶ ಸ್ಕ್ರೂಡ್ರೈವರ್ ತುದಿಯನ್ನು ಅಂಟಿನವರೆಗೆ ತಂದು ಹಿಂತೆಗೆದ. ಆಮೇಲೆ ಗೋಣಿ ಸೂಜಿಯನ್ನು ಕೆಂಡದಲ್ಲಿ ಕಾಯಿಸಿ ಬಟ್ಟಲಿನ ಇನ್ನೊಂದು ಮೂಲೆಗೆ ಹೊಸ ತೂತು ಕೊರೆದ. ಹೆಬ್ಬೆರಳೂ ಉಳಿಯುತ್ತದೆ, ದೀಪವೂ ಉಸಿರಾಡುತ್ತದೆ. ಅತ್ತಿಗೆಗೆ ರಸ್ತೆ ಕಾಣುತ್ತದೆ.

ಅವ್ವನಿಗೆ ಆಗಲೇ ಕರೆದು ತೋರಿಸಬಹುದಿತ್ತು. ಹೆಬ್ಬೆರಳು ತೋರಿಸಿದರೆ ಬೆರಳಿನ ಸಂಗತಿಯನ್ನೂ ಹೇಳಬೇಕು. ಮೊದಲು ನಾಲ್ಕು ಕಿತ್ತುಕೊಂಡು ಆಮೇಲೆ ಒಂದು ಕೊಡುವುದೋ, ಮೊದಲು ಒಂದು ಕೊಟ್ಟು ಆಮೇಲೆ ನಾಲ್ಕು ಕಿತ್ತುಕೊಳ್ಳುವುದೋ ತೀರ್ಮಾನವಾಗಲಿಲ್ಲ. ಸಂಜೆ ಹೇಳಿದರಾಯಿತು ಎಂದುಕೊಂಡ. ಗಾಜಿನ ಹೊರಮೈಗೆ ನೀರು ಚಿಮುಕಿಸಿ ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು ಉಜ್ಜಿದ. ಹಳದಿಯೆಲ್ಲ ಹಾಲಾಗಿ ಇಳಿಯಿತು. ಹಳೆಯ ಅಂಟು ತುಂಡು ತುಂಡಾಗಿತ್ತು. ಹೊಸದಕ್ಕೆ ತರೀಕೆರೆಗೆ ಹೋಗಬೇಕು. ಗಾಜು, ಬಟ್ಟಲು ಎರಡನ್ನೂ ಜಗಲಿಯ ಮೇಲೆ ಪೇಪರು ಹಾಸಿ ಇಟ್ಟು ಬೈಕ್ ಹತ್ತಿದ.

"ಮುಟ್ಟಬ್ಯಾಡ ಕಣವ್ವ," ಎಂದು ಹೇಳಿಯೇ ಹೋದ.

"ನಾನ್ಯಾಕೆ ಮುಟ್ಲಿ ಅವ್ನ ಕೈನ," ಎಂದಳು ದುರ್ಗಮ್ಮ.

ತಿರುಗಿ ಬಂದಾಗ ನಾಲ್ಕು ಗಂಟೆ. ಮರುದಿನ ಶುಕ್ರವಾರ. ಗುರುವಾರ ಸಂಜೆಗೆ ಮನೆಯ ದೀಪಗಳೆಲ್ಲ ತೊಳೆದಾಗಬೇಕು ಎಂಬುದು ಆ ಮನೆಗೆ ದುರ್ಗಮ್ಮ ಸೊಸೆಯಾಗಿ ಬಂದ ದಿನದಿಂದ ನಡೆದುಬಂದದ್ದು. ಮೈಲಿಗೆ ದೀಪ ಹಚ್ಚಬಾರದು. ಬಾವಿಕಟ್ಟೆಯ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದಳು: ಎರಡು ಕಂಬದ ದೀಪ, ಒಂದು ತೂಗುದೀಪ, ಮೂರು ಆರತಿ ಸೊಡರು. ಸಾಲಿನ ಕೊನೆಗೆ ಹೆಡ್‌ಲೈಟಿನ ಬಟ್ಟಲು. ಪಕ್ಕದಲ್ಲಿ ಹಿಂಡಿದ ಹುಣಸೆಹಣ್ಣು, ಬೂದಿ, ತೆಂಗಿನ ನಾರು.

ಹೊನ್ನೇಶ ಬಟ್ಟಲನ್ನು ಎತ್ತಿ ತಿರುಗಿಸಿದ. ಬೆಳ್ಳಿ ಇರಲಿಲ್ಲ. ಅದು ಬಣ್ಣಕ್ಕಿಂತ ತೆಳು ಪೊರೆ. ಬೆರಳು ತಾಗಿದರೇ ಗೀರು ಬೀಳುತ್ತದೆ, ಹುಳಿ ತಾಗಿದರೆ ಕರಗುತ್ತದೆ. ಕೆಳಗಿನ ಬೂದು ಪ್ಲಾಸ್ಟಿಕ್ಕು ಬೋಳಾಗಿ ಕಾಣುತ್ತಿತ್ತು. ಅವನ ಮುಖ ಅದರಲ್ಲಿ ಮೂಡಲಿಲ್ಲ.

"ಬೆರಳಿರೋ ಗಾಜು ಮುಟ್ಟಿಲ್ಲ ಕಣಪ್ಪ," ದುರ್ಗಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಅದನ್ನ ದೇವ್ರ ಮುಂದೆ ಇಟ್ಟಿದೀನಿ. ಇದು ಮಾತ್ರ ತೊಳ್ದೆ. ಅವ್ನು ಇರೋ ಜಾಗ, ಎಷ್ಟು ಗಲೀಜು! ಆ ಮೂಲೇಲಿ ಅದೇನೋ ಕರ್ರಗೆ ಅಂಟ್ಕಂಡಿತ್ತು ನೋಡು. ಹುಣಸೆಹಣ್ಗೆ ಹೋಗ್ಲಿಲ್ಲ, ಬೂದಿಗೂ ಹೋಗ್ಲಿಲ್ಲ. ಕೊಬ್ರಿ ಎಣ್ಣೆ ಹಚ್ಚಿ ಉಗುರಲ್ಲಿ ಕೆರೆದ್ಮ್ಯಾಲೆ ಬಿಡ್ತು."

ಮೂಲೆಯ ತೂತು ತೆರೆದುಕೊಂಡಿತ್ತು. ಅದರಾಚೆ ಬಾವಿಕಟ್ಟೆಯ ಕಲ್ಲು ಕಾಣುತ್ತಿತ್ತು. ದುರ್ಗಮ್ಮನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕಪ್ಪು ಇತ್ತು.

"ಯಾಕೋ ಹಂಗ್ ನೋಡ್ತೀಯ? ಹೊಳೀತಿಲ್ವಾ?"

"ಹೊಳೀತದೆ ಬಿಡು," ಎಂದ ಹೊನ್ನೇಶ.

ಹೇಳುವುದಕ್ಕೆ ಈಗ ಒಂದೇ ಸತ್ಯ ಉಳಿದಿತ್ತು, ಕಿತ್ತುಕೊಳ್ಳುವಂಥದ್ದು. ಅದನ್ನು ಅವನು ಹೇಳಲಿಲ್ಲ.

ಬೆಳ್ಳಿಯಿಲ್ಲದ ಬಟ್ಟಲಿನಿಂದ ಬೆಳಕು ಮುಂದಕ್ಕೆ ಹೋಗುವುದಿಲ್ಲ. ನಯನ ಮೂರು ವಾರ ಬಸ್ಸಿನಲ್ಲಿ ಓಡಾಡಿದಳು. ನಾಲ್ಕನೇ ವಾರ ಜವರಯ್ಯನ ಫೋನು ಬಂತು. "ಎಡಗಡೇದು ಬಂದದೆ ಕಣಪ್ಪ. ಗಾಡಿ ಬಲಕ್ಕೆ ಗುದ್ದವ್ನೆ ಯಾರೋ ಪುಣ್ಯಾತ್ಮ." ಹೊನ್ನೇಶ ಅದನ್ನು ತಂದು ನೋಡಿದರೆ ಅದರ ಅಂಟೂ ಅಲ್ಲಲ್ಲಿ ಬಿಟ್ಟಿತ್ತು, ಮತ್ತೆ ಕೆಂಡ ಮಾಡಿದ. ಈ ಸಲ ಟ್ರಂಕಿನ ತಳ ಸುಟ್ಟು ತೂತಾಯಿತು, ಆದರೆ ಅಷ್ಟರಲ್ಲಿ ಕೊಬ್ಬರಿ ಬೆವರಿತ್ತು. ಗಾಜು ಬಿಡಿಸಿ ಊದಿ ನೋಡಿದ. ಒಳಗೆ ಯಾರದೋ ಅಂಗೈಯ ಅಂಚು ಮೂಡಿತು. ಯಾರದೆಂದು ಯೋಚಿಸದೆ ಒರೆಸಿಬಿಟ್ಟ. ಬಟ್ಟಲನ್ನು ಮುಟ್ಟಲಿಲ್ಲ, ಬರೀ ಗಾಳಿ ಊದಿ ಧೂಳು ಹಾರಿಸಿದ. ಉಸಿರಿನ ತೂತು ತೆರೆದಿದೆಯೇ ಎಂದು ಕಡ್ಡಿ ಹಾಕಿ ನೋಡಿದ. ಅಂಚಿನ ಸುತ್ತ ಹೊಸ ಅಂಟಿನ ಹಗ್ಗ ಎಳೆದು, ಗಾಜು ಕೂರಿಸಿ, ಸೈಕಲ್ ಟ್ಯೂಬು ಬಿಗಿದು ಒಂದು ದಿನ ಬಿಟ್ಟ. ಮಂಜು ಮತ್ತೆ ಹಿಡಿಯಲಿಲ್ಲ. ನಯನ ಕೆರೆ ಏರಿಯ ಮೇಲೆ ಎಡಕ್ಕೆ ಹೋಗುವವರ ಚಪ್ಪಲಿಯೂ ಕಾಣುತ್ತದೆ ಎಂದಳು.

ಹಳೆಯ ಗಾಜು ದೇವರ ಗೂಡಿನಲ್ಲಿ ಉಳಿಯಿತು. ಮುಸ್ಸಂಜೆ ಕಂಬಕ್ಕೆ ಬತ್ತಿ ಹಾಕಿದ ಮೇಲೆ ದುರ್ಗಮ್ಮ ಅದನ್ನು ಕೈಗೆತ್ತಿಕೊಂಡು ಊದುತ್ತಾಳೆ. ಅವಳಿಗೆ ಈಗ ಮಳೆಗಾಲ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ. ನಾಲ್ಕು ಬೆರಳು ಬರುತ್ತವೆ, ಕಿರುಬೆರಳು ಹೊರಕ್ಕೆ ಸೊಟ್ಟ. "ಬಂದ್ಯಾ ದುಶ್ಯಂತಾ," ಎನ್ನುತ್ತಾಳೆ. ಗುರುತು ಆರುತ್ತದೆ. ಇನ್ನೊಮ್ಮೆ ಊದುತ್ತಾಳೆ. ಹೊನ್ನೇಶ ಪಡಸಾಲೆಯಲ್ಲಿ ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿರುತ್ತಾನೆ. ಊಟಕ್ಕೆ ಕೂತಾಗ, ಅವ್ವ ಬಡಿಸುವಾಗ, ತಟ್ಟೆ ಹಿಡಿಯುವುದೂ ಈಗ ಬಲಗೈಯಲ್ಲೇ. ಕೆಲವು ಸಂಜೆ ಒಳಗಿನಿಂದ ಅವಳ ಉಸಿರು ಕೇಳಿದಾಗ ಅವನ ಬೆರಳ ತುದಿಗಳು ತಣ್ಣಗಾಗುತ್ತವೆ. ಆಗ ಎದ್ದು ಕಾರಿನ ಹತ್ತಿರ ಹೋಗಿ ನಿಲ್ಲುತ್ತಾನೆ.

ಹೋದದ್ದು ಒಂದು ಟ್ರಂಕು, ಒಂದು ಬಟ್ಟಲು, ಒಂದು ಹೆಬ್ಬೆರಳಿನ ಗುರುತು. ಒಟ್ಟು ಮೂರು.