ಏರಿನಲ್ಲಿ ಅತ್ತಿಗೆ ಮುಂದೆ

ಅತ್ತಿಗೆ ಮೊದಲ ಸಲ ಬೆಟ್ಟಕ್ಕೆ ಬಂದದ್ದು ಓಡುವುದಕ್ಕಲ್ಲ, ಪತ್ತೇದಾರಿಕೆಗೆ. ತಮ್ಮನ ಹೆಂಡತಿ ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ, ಮಧ್ಯಾಹ್ನ ಮೊಣಕಾಲತನಕ ಕೆಸರು ಮೆತ್ತಿಕೊಂಡು, ನಗುನಗುತ್ತಾ ಮನೆಗೆ ಬರುತ್ತಾಳೆಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

"ಓಡೋಕೆ ಹೋಗ್ತಾಳಂತೆ! ಓಡೋಕೆ ಬೆಟ್ಟವೇ ಆಗಬೇಕಾ? ಊರಲ್ಲಿ ರಸ್ತೆಗೇನು ಬರವೇ?" ಎಂದು ತಮ್ಮನ ಕಿವಿ ಕಚ್ಚಿದರು.

"ಹೋಗ್ಲಿ ಬಿಡಕ್ಕ, ಅದೊಂದು ಹುಚ್ಚು ಅವಳಿಗೆ" ಎಂದು ಅವನು ಗಾಜು ಕತ್ತರಿಸುವುದನ್ನು ಮುಂದುವರಿಸಿದ. ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕೊಯ್ಯುವಾಗ ಮಾತಾಡಿದರೆ ಗೀರು ಸೊಟ್ಟಗಾಗುತ್ತದೆ ಎಂಬುದು ಅವನ ಅನುಭವವೂ ಹೌದು, ನೆಪವೂ ಹೌದು.

ಆ ಹುಚ್ಚು ಹಿಡಿದವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆಳು ಚಿಕ್ಕದು, ಕಾಲು ಸಣ್ಣ. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟುವುದು ಅವಳ ಕೆಲಸ. ಮುದುಕರ ದವಡೆಯ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮೇಣದ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಬೇಕು. ಕಿಟಕಿಯೊಂದೇ, ಅದೂ ಗೋಡೆಗೆ ಮುಖ ಮಾಡಿದ್ದು. ಸಂಜೆಯ ಹೊತ್ತಿಗೆ ಮೂಗಿನೊಳಗೂ ಸುಣ್ಣದ ಧೂಳು. ವಾರವಿಡೀ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ನೋಡಿಕೊಂಡ ಕಣ್ಣಿಗೆ ಬೆಟ್ಟದಲ್ಲಿ ಅಂಥ ಲೆಕ್ಕವೇ ಇರುತ್ತಿರಲಿಲ್ಲ. ಅಲ್ಲಿ ಕಲ್ಲು ಎಲ್ಲಿತ್ತೋ ಅಲ್ಲೇ ಕಾಲು. ಬೇರು ಎತ್ತ ತಿರುಗಿತ್ತೋ ಅತ್ತಲೇ ಮೈ. ಇಳಿಜಾರಿನಲ್ಲಿ ಓಡುವಾಗಲಂತೂ ತಲೆಗಿಂತ ಮೊದಲು ಪಾದವೇ ತೀರ್ಮಾನ ಮಾಡಿಬಿಡುತ್ತಿತ್ತು. ಅವಳೇನು ದೊಡ್ಡ ಓಟಗಾರ್ತಿಯಲ್ಲ. ಒಮ್ಮೆ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು; ಅವಳು ಗುರಿ ಮುಟ್ಟುವ ಹೊತ್ತಿಗೆ ಆಯೋಜಕರು ಕುರ್ಚಿ ಮಡಚುತ್ತಿದ್ದರು. ಅದಕ್ಕೂ ನಕ್ಕುಬಿಟ್ಟಿದ್ದಳು.

ಅತ್ತಿಗೆ, ಅಂದರೆ ಗಂಡನ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವರು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಊರಿಗೆಲ್ಲ ಅವರ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಬೇರೆಯವರನ್ನು ಹೊರಡಿಸಿ ಹೊರಡಿಸಿ, ತಾವು ಮಾತ್ರ ಕೂತಲ್ಲೇ ಕೂತು ಅವರ ಸೊಂಟ ಹಿಡಿದಿತ್ತು.

ಪತ್ತೇದಾರಿಕೆಯ ದಿನ ಚಪ್ಪಲಿ ಹಾಕಿಕೊಂಡೇ ಬಂದರು. ಬೆಟ್ಟದ ಬುಡದಲ್ಲಿ ಗುಬ್ಬಿಯನ್ನು ಬಿಟ್ಟರೆ ಬೇರೆ ಯಾರೂ ಕಾಣಲಿಲ್ಲ. ನಿರಾಸೆಯೇ ಆಯಿತೇನೋ. "ಹತ್ತು ಹೆಜ್ಜೆ ನೋಡೇಬಿಡ್ತೀನಿ" ಎಂದು ಹತ್ತಿದವರು ತೊರೆಯವರೆಗೂ ಹೋದರು. ಅಲ್ಲಿ ಕಲ್ಲಿನ ಮೇಲೆ ಕೂತು, ನೀರಿನಲ್ಲಿ ಕಾಲಿಟ್ಟುಕೊಂಡು, ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವರು ಮಾತಾಡದೆ ಕೂತದ್ದನ್ನು ಗುಬ್ಬಿ ಕಂಡಿದ್ದು ಅದೇ ಮೊದಲು.

ಮುಂದಿನ ವಾರ ಶೂ ಬಂತು. ಆರು ತಿಂಗಳಿಗೆ ಅತ್ತಿಗೆ ಓಡುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಕಲಿಸಿದವಳನ್ನೇ ಹಿಂದೆ ಹಾಕಿದರು. ಇಳಿಯುವಾಗ ಗುಬ್ಬಿಯನ್ನು ಹಿಡಿಯುವವರಿರಲಿಲ್ಲ. ಏರಿನಲ್ಲಿ ಮಾತ್ರ ಅತ್ತಿಗೆ ಮುಂದೆ. ಕೈಗಳನ್ನು ತೊಡೆಯ ಮೇಲೆ ಊರಿಕೊಂಡು, ಮೈಕಿನ ಅದೇ ದನಿಯಲ್ಲಿ "ಗುಬ್ಬಿಯವರ ಗಮನಕ್ಕೆ! ನೀವು ತಡವಾಗಿ ಬರುತ್ತಿದ್ದೀರಿ!" ಎಂದು ಮೇಲಿನಿಂದ ಕೂಗುತ್ತಿದ್ದರು. ಗುಬ್ಬಿಗೆ ನಗು ಬಂದು ಇನ್ನಷ್ಟು ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರು ಒಂದೇ ಬಾಟಲಿಯ ನೀರು ಕುಡಿಯುವ ಗೆಳತಿಯರಾದರು. "ನಿಮ್ಮಿಬ್ಬರ ನಡುವೆ ನಾನೇ ಹೊರಗಿನವನಾದೆ" ಎಂದು ಗಂಡ ಗೊಣಗಿದ. ಒಳಗೊಳಗೆ ಅವನಿಗೂ ಖುಷಿಯೇ.

ಮೊದಲ ಸಲ ತಲೆಸುತ್ತು ಬಂದಾಗ ಅತ್ತಿಗೆ "ಹೊಟ್ಟೆಗೆ ಏನೂ ಹಾಕದೆ ಬಂದೆನಲ್ಲ, ಅದಕ್ಕೆ" ಅಂದರು. ಎರಡನೇ ಸಲ ಬಂಡೆಗೆ ಒರಗಿದವರ ಮುಖ ಬೂದಿಯಾಗಿತ್ತು, ತುಟಿಗೆ ಬಣ್ಣವಿರಲಿಲ್ಲ. ಗುಬ್ಬಿ ಅವತ್ತೇ ಆಸ್ಪತ್ರೆಗೆ ಎಳೆದೊಯ್ದಳು.

ಹೃದಯದ ಡಾಕ್ಟರು ಸ್ಕ್ಯಾನಿನ ಚಿತ್ರ ತೋರಿಸಿ ವಿವರಿಸಿದರು. ಹೃದಯದ ಗೋಡೆ ಒಂದು ಕಡೆ ದಪ್ಪವಾಗಿದೆ. ಮೈ ದಣಿದಾಗ ರಕ್ತ ಹೊರಗೆ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಬಡಿತ ಲಯ ತಪ್ಪಬಹುದು. ಮಾತ್ರೆ ತಪ್ಪಿಸಬೇಡಿ. ಸಮತಟ್ಟಿನಲ್ಲಿ ನಿಧಾನವಾಗಿ ನಡೆಯಬಹುದು. ಓಟ, ಏರು ಎರಡೂ ಇನ್ನು ಬೇಡ.

"ಇದು ಯಾವಾಗಿಂದ ಇದೆ ಡಾಕ್ಟ್ರೇ?"

"ಬಹುಶಃ ಚಿಕ್ಕ ವಯಸ್ಸಿನಿಂದಲೇ."

"ಹಾಗಾದ್ರೆ ಇಷ್ಟು ದಿನ ಬೆಟ್ಟ ಹತ್ತಿದ್ದು ಇದೇ ಹೃದಯ?"

"ಹೌದು. ನಿಮ್ಮ ಅದೃಷ್ಟ."

ಅತ್ತಿಗೆ ತಲೆಯಾಡಿಸಿದರು. ಡಾಕ್ಟರು ಅದನ್ನು ಒಪ್ಪಿಗೆ ಅಂದುಕೊಂಡರು. ಹಾಗಲ್ಲವೆಂದು ಗುಬ್ಬಿಗೆ ಅಲ್ಲೇ ಗೊತ್ತಾಯಿತು.

ಮನೆಯಲ್ಲಿ ಗಂಡ ಅಕ್ಕನಿಗೆ ಏನೂ ಅನ್ನಲಿಲ್ಲ. ಅಡುಗೆಮನೆಗೆ ಬಂದು ಹೆಂಡತಿಗೆ ಅಂದ: "ಈ ಗೀಳು ಹಚ್ಚಿದ್ದು ನೀನು. ಬಿಡಿಸೋದೂ ನೀನೇ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಹೇಗೆ ಬಿಡಿಸುವುದೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಮೊದಲು ತಾನು ಬಿಟ್ಟಳು. ತನ್ನ ಶೂಗಳನ್ನು ಅಟ್ಟಕ್ಕೆ ಹಾಕಿ, ಭಾನುವಾರ ಹಾಸಿಗೆಯಲ್ಲೇ ಹೊರಳಾಡಿದಳು. ಜೊತೆಯಿಲ್ಲದಿದ್ದರೆ ಅತ್ತಿಗೆಯೂ ಸುಮ್ಮನಾಗುತ್ತಾರೆಂದು ಅವಳ ಲೆಕ್ಕ. ಅತ್ತಿಗೆ ಒಬ್ಬರೇ ಹೋದರು. ಗಂಡ ಅಕ್ಕನ ಶೂಗಳನ್ನು ಅಂಗಡಿಯ ಹಳೆ ಕಟ್ಟುಗಳ ಹಿಂದೆ ಬಚ್ಚಿಟ್ಟ. ಅತ್ತಿಗೆ ಬಸ್ ನಿಲ್ದಾಣಕ್ಕೆ ಹಾಕುವ ಚಪ್ಪಲಿಯಲ್ಲೇ ಹೋಗಿ, ಹೆಬ್ಬೆರಳ ಉಗುರು ಕಿತ್ತುಕೊಂಡು ಕುಂಟುತ್ತಾ ಬಂದರು. "ಎಡವಿದೆ ಅಷ್ಟೆ" ಎಂದು ಅರಿಸಿನ ಹಚ್ಚಿಕೊಂಡರು.

ಮರುದಿನ ಗುಬ್ಬಿ ಕೆಲಸಕ್ಕೆ ಹೋಗುವ ಮುಂಚೆ ಅಂಗಡಿಗೆ ಹೋಗಿ, ಕಟ್ಟುಗಳ ಹಿಂದಿನಿಂದ ಶೂ ತೆಗೆದು ತಂದು ಅತ್ತಿಗೆಯ ಮಂಚದ ಕೆಳಗಿಟ್ಟಳು. ಹೋಗಬೇಡಿ ಎಂದು ಬೇಡಿಕೊಳ್ಳಬೇಕಾದವಳೇ ಶೂ ತಂದುಕೊಟ್ಟಿದ್ದಳು. ಚಪ್ಪಲಿಯಲ್ಲಿ ಬಂಡೆ ಮೇಲೆ ಜಾರಿದರೆ? ಅತ್ತ ದರಿ, ಇತ್ತ ಪುಲಿ.

"ಕೊಟ್ಟೆಯಾ?" ಎಂದು ಗಂಡ ಕೇಳಿದ.

"ಕೊಟ್ಟೆ."

ಅವನು ಮುಖ ಉಜ್ಜಿಕೊಂಡು ಹೊರಗೆ ಹೋದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಹಲ್ಲಿನ ಕೋಣೆಗೂ ಬಸ್ ನಿಲ್ದಾಣಕ್ಕೂ ನಡುವೆ ಒಂದೇ ಬೀದಿ. ಗಾಳಿ ಇತ್ತ ಬೀಸಿದರೆ ಮೈಕಿನ ದನಿ ಒಳಗೇ ಬರುತ್ತಿತ್ತು. ಇಷ್ಟು ವರ್ಷ ಅದು ಅವಳಿಗೆ ಗಡಿಯಾರದ ಟಿಕ್ ಟಿಕ್ ಇದ್ದಂತೆ, ಇದ್ದೂ ಕೇಳಿಸದ್ದು. ಈಗ ಪ್ರತಿ ಸಾಲಿಗೂ ಕಿವಿ ನೆಟ್ಟಗಾಗತೊಡಗಿತು. "ಪ್ರಯಾಣಿಕರ ಗಮನಕ್ಕೆ" ಎಂದಾದ ಮೇಲೆ ದನಿ ಒಂದು ಗಳಿಗೆ ತಡೆದರೆ ಗುಬ್ಬಿಯ ಕೈಯ ಮೇಣ ಹಾಗೇ ಆರುತ್ತಿತ್ತು. ಮುಂದಿನ ಬಸ್ಸಿನ ಸಂಖ್ಯೆ ಕೇಳಿದ ಮೇಲೆಯೇ ಉಸಿರು. ಆ ವಾರ ಒಬ್ಬ ಮುದುಕನಿಗೆ ಕೋರೆಹಲ್ಲು ಎಡಬಲ ಅದಲುಬದಲಾಗಿ ಕೂತವು. "ಮನಸ್ಸೆಲ್ಲಿದೆ ನಿನಗೆ?" ಎಂದರು ಹಲ್ಲಿನ ಡಾಕ್ಟರು.

ತಡೆಯಲಾರದೆ ಮತ್ತೆ ಜೊತೆಗೆ ಹೊರಟಳು. ಅಟ್ಟದಿಂದ ಶೂ ಇಳಿಸುವಾಗ ಅತ್ತಿಗೆಯೇ ಏಣಿ ಹಿಡಿದುಕೊಂಡರು. ಒಬ್ಬರೇ ಬಿದ್ದರೆ ಗತಿ ಯಾರು ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡ ಕಾರಣ. ಅದು ಸುಳ್ಳಲ್ಲ. ಆದರೆ ಶೂ ದಾರ ಬಿಗಿಯುವಾಗ ಅವಳ ಬೆರಳುಗಳು ಕುಣಿಯುತ್ತಿದ್ದುದೂ ಸುಳ್ಳಲ್ಲ.

ತೊರೆಯ ಹತ್ತಿರ ನೀರು ಕುಡಿಯುತ್ತಾ ಅತ್ತಿಗೆ ಕೇಳಿದರು: "ನಿಜ ಹೇಳು. ನಿನಗೆ ಬಂದಿದ್ರೆ ನೀನು ಬಿಡ್ತಿದ್ಯಾ?"

"ಬಿಡ್ತಿದ್ದೆ ಅತ್ತಿಗೆ. ಆ ಕ್ಷಣಾನೇ ಬಿಡ್ತಿದ್ದೆ."

ಅತ್ತಿಗೆ ಅವಳ ಮುಖ ನೋಡಿ ಜೋರಾಗಿ ನಕ್ಕರು. "ಹಲ್ಲು ಕಟ್ಟೋದೊಂದು ಕಲಿತೆ ನೋಡು. ಸುಳ್ಳು ಕಟ್ಟೋಕೆ ಬರಲಿಲ್ಲ ನಿನಗೆ."

"ನಗಬೇಡಿ. ನಿಮ್ಮ ತಮ್ಮ ಮನೇಲಿ ಊಟ ಬಿಟ್ಟು ಕೂತಿರ್ತಾರೆ. ಕೈ ಮುಗಿತೀನಿ, ಇಲ್ಲಿಂದಲೇ ವಾಪಸ್ ಹೋಗೋಣ."

ಅತ್ತಿಗೆಯ ನಗು ನಿಂತಿತು. "ನನಗೂ ಹೆದರಿಕೆ ಇಲ್ಲ ಅಂದ್ಕೊಂಡ್ಯಾ? ರಾತ್ರಿ ಎಡ ಮಗ್ಗುಲಾದ್ರೆ ಅದು ಹೊಡ್ಕೊಳ್ಳೋದು ಕೇಳಿಸುತ್ತೆ. ಹೋಗಬಾರದು ಅಂದ್ಕೊಂಡೇ ಮಲಗ್ತೀನಿ. ಬೆಳಿಗ್ಗೆ ಕಾಲು ಕೇಳಲ್ಲ ಗುಬ್ಬಿ. ನಲವತ್ತೆಂಟು ವರ್ಷ ಹೇಳಿದ ಹಾಗೆ ಕೇಳಿದ ಕಾಲು ಇವು." ಎದ್ದು ಬಟ್ಟೆ ಕೊಡವಿಕೊಂಡರು. "ಆ ದಿಣ್ಣೆವರೆಗೆ ಅಷ್ಟೆ. ನಡ್ಕೊಂಡೇ ಹೋಗೋಣ."

ನಡೆದೇ ಹೋದರು. ನಡೆದರೂ ಏರು ಏರೇ. ಮುಂದಿದ್ದ ಅತ್ತಿಗೆ ಒಮ್ಮೆ ನಿಂತು, ಏನೋ ಮರೆತವರಂತೆ ಹಿಂದೆ ತಿರುಗಿ, ಹಾಗೇ ಮೊಣಕಾಲು ಮಡಚಿ ದಾರಿಯ ಪಕ್ಕಕ್ಕೆ ಕುಸಿದರು. ಗುಬ್ಬಿ ಹಾರಿ ಹೋಗಿ ತಲೆ ಹಿಡಿದುಕೊಂಡಳು. ಉಸಿರಿತ್ತು. ಕತ್ತಿನ ಬಳಿ ನಾಡಿ ಎಲ್ಲೋ ಸಿಕ್ಕಿ, ಎಲ್ಲೋ ಕಳೆದುಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು, ಆದರೆ ಏಳಲಾಗಲಿಲ್ಲ. ಕೂರಿಸಿದರೆ ಮತ್ತೆ ವಾಲುತ್ತಿದ್ದರು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಗುಬ್ಬಿ ಎರಡು ಸಲ ಬೆನ್ನಿಗೆ ಹಾಕಿಕೊಳ್ಳಲು ನೋಡಿದಳು. ಎರಡು ಸಲವೂ ಇಬ್ಬರೂ ಮಣ್ಣಿಗೆ ಬಿದ್ದರು. ಯಾರಾದರೂ ಇದ್ದೀರಾ ಎಂದು ಗಂಟಲು ಹರಿಯುವಂತೆ ಕೂಗಿದಳು. ತೊರೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಹೋಗು" ಅಂದರು ಅತ್ತಿಗೆ. ತುಟಿ ಆಡಿತೇ ಹೊರತು ದನಿ ಇರಲಿಲ್ಲ.

ಬಿಟ್ಟು ಹೋಗುವುದೇ? ಕೂತಿದ್ದು ಮಾಡುವುದಾದರೂ ಏನು? ಅವರನ್ನು ಮಗ್ಗುಲಿಗೆ ಮಲಗಿಸಿ, ತನ್ನ ಮೇಲಂಗಿಯನ್ನು ತಲೆಯಡಿ ಇಟ್ಟು, ಕೆಂಪು ಟವೆಲನ್ನು ಗಿಡಕ್ಕೆ ಕಟ್ಟಿ, ಗುಬ್ಬಿ ಬೆಟ್ಟದ ಬುಡದಲ್ಲಿದ್ದ ಅರಣ್ಯ ಇಲಾಖೆಯ ಕಾವಲುಮನೆಯ ಕಡೆಗೆ ಓಡಿದಳು.

ಅಂಥ ಓಟ ಅವಳು ಎಂದೂ ಓಡಿರಲಿಲ್ಲ. ಎದೆಯಲ್ಲಿ ದೇವರೇ ದೇವರೇ ಎಂಬ ಒಂದೇ ಮಾತು. ಕೆಳಗೆ ಕಾಲುಗಳು ಮಾತ್ರ ಬೇರೆ ಯಾರದೋ ಎಂಬಂತೆ ಕಲ್ಲಿನಿಂದ ಕಲ್ಲಿಗೆ, ಬೇರಿನಿಂದ ಬೇರಿಗೆ, ಒಂದೂ ತಪ್ಪದೆ ಹಾರುತ್ತಿದ್ದವು. ಪ್ರತಿ ಸಲವೂ ಹೆದರಿ ನಿಧಾನಿಸುತ್ತಿದ್ದ ತಿರುವನ್ನು ಬಾಗಿದ ಮೈಯಲ್ಲಿ ಸುಯ್ಯೆಂದು ದಾಟಿದಳು. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಹಾಯೆನಿಸಿತು. ಕೂಡಲೇ ನೆನಪಾಯಿತು ಯಾಕೆ ಓಡುತ್ತಿದ್ದೇನೆಂದು. ತೂ ನಿನ್ನ ಕಾಲಿಗಿಷ್ಟು, ಎಂದು ಅಳುತ್ತಾ ಬೈದುಕೊಂಡಳು. ಕಾಲು ನಿಧಾನಿಸಲಿಲ್ಲ, ನಿಧಾನಿಸುವ ಹಾಗೂ ಇರಲಿಲ್ಲ.

ಕಾವಲುಗಾರರಿಬ್ಬರು ಸ್ಟ್ರೆಚರ್ ಹೊತ್ತು ಹತ್ತಿದರು. ದಾರಿ ತೋರಿಸಲು ಮುಂದೆ ಓಡಿದ ಗುಬ್ಬಿ ಟವೆಲು ಕಂಡಾಗ ಹತ್ತಿರ ಹೋಗಲಾರದೆ ನಿಂತುಬಿಟ್ಟಳು. "ಉಸಿರಿದೆ, ಬನ್ನಿ" ಎಂದು ಅವರಲ್ಲೊಬ್ಬ ಕೂಗಿದ ಮೇಲೆ ಕಾಲೆತ್ತಿದಳು.

ಅತ್ತಿಗೆ ಉಳಿದರು. ಹೆಗಲಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದರು; ಬಡಿತ ದಾರಿ ತಪ್ಪಿದರೆ ಒದ್ದು ಸರಿಮಾಡುತ್ತದಂತೆ. "ಒಳಗೊಬ್ಬ ಕಂಡಕ್ಟರನ್ನು ಕೂರಿಸಿದ್ದಾರೆ" ಎಂದು ನರ್ಸಿನ ಜೊತೆ ಹಾಸ್ಯ ಮಾಡಿದರು. ಆದರೆ ಹೃದಯ ಸೋತಿತ್ತು. ಮನೆಯ ಮೆಟ್ಟಿಲು ಹತ್ತುವಾಗಲೂ ಮಧ್ಯೆ ನಿಂತು ಗೋಡೆ ಹಿಡಿಯಬೇಕಾಯಿತು. ಬೆಟ್ಟದ ವಿಷಯದಲ್ಲಿ ಇನ್ನು ಯಾರೂ ಬಿಡಿಸಬೇಕಾದದ್ದು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಗಂಡ ಔಷಧಿ ತರಲು ಹೋಗಿದ್ದಾಗ, ಗುಬ್ಬಿ ಮಂಚದ ಪಕ್ಕ ಕೂತು ಹಣ್ಣು ಹೆಚ್ಚುತ್ತಿದ್ದಳು.

"ಅವತ್ತು ನೀನು ಇಳಿದು ಹೋಗಿದ್ದು ಕೇಳಿಸ್ತಿತ್ತು" ಅಂದರು ಅತ್ತಿಗೆ. "ಕಣ್ಣು ಬಿಡೋಕಾಗ್ತಿರಲಿಲ್ಲ. ಕಿವಿ ಮಾತ್ರ ಇತ್ತು. ಟಪ ಟಪ ಟಪ ಅಂತ, ತೊರೆ ದಾಟೋವರೆಗೂ ಕೇಳಿಸ್ತು. ಎಷ್ಟು ಚೆನ್ನಾಗಿ ಓಡಿದೆ ಕಣೇ."

ಓಡುವಾಗ ತನಗೆ ಹಾಯೆನಿಸಿದ ಆ ಕ್ಷಣವನ್ನು ಹೇಳಿಬಿಡಬೇಕೆಂದು ಗುಬ್ಬಿಗೆ ಅನಿಸಿತು. ಹೇಳದೆ ಹಣ್ಣಿನ ಹೋಳೊಂದನ್ನು ಅತ್ತಿಗೆಯ ಕೈಗಿಟ್ಟಳು. ಅತ್ತಿಗೆಯೇ ಅವಳ ತಲೆ ಸವರಿದರು, ಕಾಯಿಲೆ ಅವಳದೇ ಎಂಬಂತೆ.

ತಿಂಗಳುಗಳಾದ ಮೇಲೆ, "ನನ್ನ ಮುಖ ನೋಡ್ಕೊಂಡು ಕೂರಬೇಡ, ಹೋಗು" ಎಂದು ಅತ್ತಿಗೆಯೇ ಅವಳನ್ನು ಹೊರಡಿಸಿದರು. ಅವಳು ಹೋದಳು. ಬೆಟ್ಟ ಹಾಗೇ ಇತ್ತು. ಏರಿನಲ್ಲಿ ಪದೇ ಪದೇ ತಲೆಯೆತ್ತಿ ನೋಡಿದಳು. ಮುಂದೆ ದಾರಿ ಬರಿದಾಗಿತ್ತು. ಇಳಿಯುವಾಗ ನಡೆದು ಬರಬೇಕೆಂದುಕೊಂಡಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಓಡುತ್ತಿದ್ದಳು.

ಮನೆಗೆ ಬಂದಾಗ ಅತ್ತಿಗೆ ಹಿತ್ತಿಲ ಕಟ್ಟೆಯ ಮೇಲೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು. ಗುಬ್ಬಿಯ ಕೆಸರು ಕಾಲನ್ನು ಒಮ್ಮೆ ನೋಡಿದರು.

"ಅತ್ತಿಗೆ, ಇವತ್ತು ಮೇಲೆ..."

"ಬೇಡ ಗುಬ್ಬಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದಿನ ಹೇಳುವೆಯಂತೆ. ಇವತ್ತು ನನ್ನಿಂದ ಕೇಳೋಕಾಗಲ್ಲ."

"ನಾನೂ ಬಿಟ್ಟುಬಿಡ್ಲಾ?"

"ನೀನು ಬಿಟ್ರೆ ನನಗೇನು ಬರುತ್ತೆ?"

ಅತ್ತಿಗೆ ದೊಡ್ಡ ಹೊದಿಕೆಯೊಂದನ್ನು ಎತ್ತಿಕೊಂಡು ಒಂದು ತುದಿಯನ್ನು ಅವಳ ಕಡೆ ಚಾಚಿದರು. ಗುಬ್ಬಿ ಬೆವರಿದ ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡು ಹಿಡಿದಳು. ಇಬ್ಬರೂ ಎಳೆದು, ಕೊಡವಿ, ಮಡಚಿದರು. ಮತ್ತೊಂದು ಎತ್ತಿಕೊಂಡರು.