ಮಣ್ಣಿಗೆ ಹೋಗದ ಕಂಬಳಿ

ಹೆಣಕ್ಕೆ ತುಂಬುತೋಳಿನ ಅಂಗಿ ತೊಡಿಸಿ, ಮಣಿಕಟ್ಟಿನ ಗುಂಡಿಯನ್ನೂ ಹಾಕಿದ ನರಸಯ್ಯ, ಮಗ ದಿನಾ ಕುರಿ ಹಿಂದೆ ಹೊದ್ದು ಹೋಗುತ್ತಿದ್ದ ಕರಿ ಕಂಬಳಿಯನ್ನು ಅವನ ಮೇಲೆ ಹೊದಿಸಿದ.

"ಎಲ್ಲಿ ಕಚ್ತಪ್ಪಾ ಹಾವು?" ಪಕ್ಕದ ಮನೆಯ ಹನುಮಂತಮ್ಮ ಬಗ್ಗಿ ನೋಡಿದಳು.

"ಕಾಲ್ಗೆ."

"ಗಾಯನೇ ಕಾಣಾಕಿಲ್ವಲ್ಲ?"

"ನೀನೇನು ಡಾಕ್ಟ್ರಾ? ಅತ್ಲಾಗ್ ಸರ್ಕೊ ಅಜ್ಜಿ."

ಮಗಳು ಅನುವಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ನಿನ್ನೆ ಕುರಿಹಟ್ಟಿಯ ಹಿಂದೆ ಬಿದ್ದಿದ್ದ ತಮ್ಮ ಸಿದ್ದರಾಮುವಿನ ತೋಳಿನಿಂದ ಸೂಜಿ ಕಿತ್ತವಳು ಅವಳೇ.

ಬೇಲಿಯಾಚೆ ಸುಹೇಲ್ ನಿಂತಿದ್ದ. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಗ ಸಿದ್ದರಾಮುವಿನ ಜೊತೆ ಒಂದೇ ರೂಮಿನಲ್ಲಿದ್ದವನು. ಸುಡುಬಿಸಿಲಲ್ಲೂ ನಡುಗುತ್ತಿದ್ದ. ಆ ನಡುಕ ಎಂಥದ್ದೆಂದು ಅನುವಿಗೆ ಗೊತ್ತಿತ್ತು.

* * *

ಫ್ಯಾಕ್ಟರಿ ಬಿಟ್ಟು ಊರಿಗೆ ಬಂದ ಹೊಸದರಲ್ಲಿ ಸಿದ್ದರಾಮುವೂ ಹೀಗೇ ನಡುಗಿದ್ದ.

"ಅಕ್ಕ, ತಲೆ ಒಳ್ಗೆ ಯಾರೋ ಬಯ್ತಾನೇ ಅವ್ರೆ. ನಶೆ ಸೂಜಿ ಚುಚ್ಕೊಂಡ್ರೆ ಒಸಿ ಸುಮ್ಕಾಯ್ತಾರೆ. ಆಸ್ಪತ್ರೆಗೆ ಕರ್ಕೊಂಡೋಗು."

ನರಸಯ್ಯ ಬಾಗಿಲಿಗೆ ಅಡ್ಡ ನಿಂತ. "ಹುಚ್ಚಾಸ್ಪತ್ರೆ ಮೆಟ್ಲು ತುಳುದ್ರೆ ನಿನ್ನ ಯಾವನು ಮದ್ವೆ ಆದಾನು ಅಮ್ಮಿ?"

ಕಬ್ಬಾಳಿನ ದೇವಿಗೆ ಹರಕೆ ಹೊತ್ತ. ಮಗನ ಕೈಗೆ ದಾರ ಕಟ್ಟಿಸಿದ. ಇದೇ ಕಂಬಳಿ ಹೊದಿಸಿ ಮಲಗಿಸಿದ.

* * *

ಗುಂಡಿಗೆ ಹೆಣ ಇಳಿಸಲು ಸುಹೇಲ್ ಕೈ ಹಾಕಿದ್ದೇ ತಡ, ನರಸಯ್ಯ ಅವನ ಕೊರಳಪಟ್ಟಿ ಹಿಡಿದ.

"ಮುಟ್ಬೇಡ ಕಣ್ಲಾ! ನನ್ ಮಗನ್ನ ಹಾಳ್ ಮಾಡ್ದೋನು ನೀನೇಯ!"

"ಹಾವು ಕಚ್ತು ಅಂದ್ಯಲ್ಲಪ್ಪಾ?"

ಜನ ತಿರುಗಿ ನೋಡಿದರು. ಹೆಂಗಸರು ಬರಬಾರದ ಜಾಗದಲ್ಲಿ ಅನು ನಿಂತಿದ್ದಳು.

"ಹಾವಲ್ಲ, ಸೂಜಿ. ಈ ಸುಹೇಲನ್ಗೆ ಅದ್ನ ಕಲಿಸ್ದೋನೂ ನಮ್ ಸಿದ್ದರಾಮುನೇ. ನನ್ನ ಮದ್ವೆ ಆಗಾಕಿಲ್ಲ ಅನ್ನೋರು ಈಗ್ಲೇ ಕೇಳಿಸ್ಕಳಿ."

"ಬಾಯ್ಮುಚ್ಚು ಅಮ್ಮಿ!"

ಅವಳು ಬಾಯಿ ಮುಚ್ಚಲಿಲ್ಲ. ಬಗ್ಗಿ, ಹೆಣದ ಮೇಲಿನ ಕಂಬಳಿಯನ್ನು ಸರಕ್ಕನೆ ಎಳೆದುಕೊಂಡಳು.

"ಹೆಣದ್ ಕಂಬ್ಳಿ ಕಣೇ! ಮಣ್ಗೋಗ್ಬೇಕು ಅದು!"

"ಸತ್ತೋನ್ಗೆ ಎಲ್ಲಿ ಚಳಿ?" ನಡುಗುತ್ತಿದ್ದ ಸುಹೇಲನಿಗೆ ಅದನ್ನು ಹೊದಿಸಿದಳು. "ನಡಿ, ಆಸ್ಪತ್ರೆಗೆ."

"ಭಯ ಆಯ್ತದೆ ಅಕ್ಕ."

"ಆಗ್ಲಿ. ಕನಕಪುರದ್ ಬಸ್ ಬರೋ ಹೊತ್ತಾಯ್ತು."

ಮಟಮಟ ಮಧ್ಯಾಹ್ನ. ಕಂಬಳಿ ಹೊದ್ದವನ ಕೈ ಹಿಡಿದು ಅವಳು ರಸ್ತೆ ಹತ್ತಿದಳು. ಹಿಂದಿನಿಂದ ಅಪ್ಪ ಕೂಗುತ್ತಲೇ ಇದ್ದ. ಬೇಲಿಬದಿ ಮೇಯುತ್ತಿದ್ದ ಸಿದ್ದರಾಮುವಿನ ಕುರಿಗಳು ತಲೆಯೆತ್ತಿ ನೋಡಿದವು. ಆಮೇಲೆ ಒಂದೊಂದಾಗಿ ಆ ಕಂಬಳಿಯ ಹಿಂದೆ ಹೊರಟವು.