ಫೇಲಾದವನ ಬನ್

ಆ ಊರಿನ ಅಂಗಡಿಯವರೆಲ್ಲ ಅವಳನ್ನು ಬೆನ್ನ ಹಿಂದೆ ‘ಗ್ರಾಂ ಮೇಡಂ’ ಎನ್ನುತ್ತಿದ್ದರು. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಬೀದಿಯ ಈ ತುದಿಯಲ್ಲಿ ಅವಳು ಕಾಣಿಸಿಕೊಂಡರೆ ಸಾಕು, ಆ ತುದಿಯ ಅಂಗಡಿಯವನು ತಕ್ಕಡಿ ಒರೆಸಲು ಶುರುಮಾಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಒಂದು ಗ್ರಾಂ ಬಿಟ್ಟುಕೊಟ್ಟವಳಲ್ಲ. ಅಂಥವಳ ಮನೆಯಲ್ಲೇ, ಅವಳ ಕಣ್ಣೆದುರಿಗೇ, ಅತ್ತೆ ವಾರವಾರಕ್ಕೂ ತೂಕ ಇಳಿಯುತ್ತಿದ್ದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ‘ಹಲೋ’ ಅಂದವರು. ಬಾಯಿ ಅಂದರೆ ಬಾಯಿ. ಚಳಿಗಾಲದಲ್ಲಿ ಬಂದ ಒಂದು ಹಾಳು ಜ್ವರ ಹೋಗುವಾಗ ಆ ಬಾಯಿಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಏನು ಕೊಟ್ಟರೂ ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಿದ್ದರು. ಗಂಡ ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅಮ್ಮ ಊಟ ಮಾಡಿದಳಾ ಎಂದು ಫೋನಿನಲ್ಲಿ ಕೇಳುವುದಷ್ಟೇ ಅವನ ಪಾಲಿನ ಕೆಲಸ. ಭಾನುವಾರ ಬಂದರೆ ಸೊಸೆ ಅತ್ತೆಯನ್ನು ತೂಗುವಳು. ನಲವತ್ತೊಂದು ಕಿಲೋ, ನಲವತ್ತು, ಮೂವತ್ತೊಂಬತ್ತು. ಮೂವತ್ತೆಂಟಕ್ಕೆ ಇಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಅವಳಿಗೂ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಸಗಟು ಮಾರುಕಟ್ಟೆಯ ಹಿಂದಿದ್ದ ಗುಜರಿ ಅಂಗಡಿಯ ಕಾಟಾ ಪರೀಕ್ಷಿಸಿ ಹೊರಬಂದವಳನ್ನು ಒಂದು ವಾಸನೆ ಮೂಗು ಹಿಡಿದು ಎಳೆಯಿತು. ತುಕ್ಕು, ಗ್ರೀಸು, ಚರಂಡಿಯ ನಡುವೆ ಬಿಸಿ ಬೆಣ್ಣೆ ಮತ್ತು ದಾಲ್ಚಿನ್ನಿ. ಓಣಿಯ ಕೊನೆಯ ಗೋಡೆಯಲ್ಲಿ ಒಂದು ಕಿಟಕಿ, ಪಕ್ಕದಲ್ಲಿ ಕರಿಹಲಗೆ, ಮೇಲೆ ‘ಇವತ್ತಿನ ಪಾಠ’ ಎಂಬ ತಲೆಬರಹ. ಅದು ಬೇಕರಿ ಕೆಲಸ ಕಲಿಸುವ ಶಾಲೆಯ ಹಿತ್ತಲಂತೆ. ಕಲಿಯುವವರು ಬೇಯಿಸಿದ್ದನ್ನು ಚೆಲ್ಲಲಾರದೆ ಬಸ್ಸಿನ ಟಿಕೆಟ್ಟಿಗಿಂತ ಕಮ್ಮಿ ಬೆಲೆಗೆ ಅಲ್ಲಿ ಮಾರುತ್ತಿದ್ದರು. ಇಷ್ಟು ವರ್ಷ ಸಂದುಗೊಂದು ಸುತ್ತಿಯೂ ಇದು ತನ್ನ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸುರುಳಿ ಬನ್ನಿನ ಟ್ರೇ ನೋಡಿದ ಮೇಲಂತೂ ಮೈಯೆಲ್ಲ ಉರಿದುಹೋಯಿತು. ಎಲ್ಲಕ್ಕೂ ಒಂದೇ ಬೆಲೆ, ಗಾತ್ರ ಮಾತ್ರ ಒಂದೊಂದಕ್ಕೆ ಒಂದೊಂದು! ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ತೂಗಿದಳು. ಎಪ್ಪತ್ತೊಂದು, ಐವತ್ತೆಂಟು, ಎಂಬತ್ತು. ಕಿಟಕಿಯೊಳಗಿದ್ದ ಮೇಷ್ಟ್ರನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಳು. ಮೇಷ್ಟ್ರು ಸಮಾಧಾನದ ಮನುಷ್ಯ. ಬೈದು ಸುಸ್ತಾಗುವವರೆಗೂ ಕಾದು, ಆ ಐವತ್ತೆಂಟು ಗ್ರಾಮಿನದನ್ನೇ ಅವಳ ಕೈಗಿಟ್ಟು, ಮೊದಲು ತಿನ್ನಿ, ಆಮೇಲೆ ನೋಟೀಸು ಬರೆಯುವಿರಂತೆ ಎಂದರು.

ತಿಂದಳು. ಅಬ್ಬಾ, ಅದನ್ನು ಹೇಗೆ ಹೇಳುವುದು! ಮೇಲಿನ ಪದರ ತೆಳ್ಳಗೆ ಮುರಿಯಿತು. ಒಳಗಿನ ಸುರುಳಿ ಎಳೆಎಳೆಯಾಗಿ ಬಿಚ್ಚಿಕೊಂಡು, ಸುತ್ತುಸುತ್ತಿಗೂ ಸಿಹಿ ಚೂರುಚೂರೇ ಏರುತ್ತ, ನಡುವಿಗೆ ಬರುವಷ್ಟರಲ್ಲಿ ತಾನು ಯಾಕೆ ಬಂದೆ, ಯಾರನ್ನು ಬೈಯುತ್ತಿದ್ದೆ ಎಂಬುದೇ ಅವಳಿಗೆ ಮರೆತುಹೋಯಿತು. ದೊಡ್ಡ ರಸ್ತೆಯ ಗಾಜಿನ ಬೇಕರಿಗಳಲ್ಲಿ ಇದರ ಹತ್ತರಷ್ಟು ಬೆಲೆಯದನ್ನು ತಿಂದಿದ್ದಳು, ಎಲ್ಲ ಇದರ ಮುಂದೆ ಸಪ್ಪೆ. ಓಣಿಯ ಆಚೆ ಬಸ್‌ಸ್ಟ್ಯಾಂಡಿನಲ್ಲಿ ಸಾವಿರಾರು ಜನ ಬಸ್ಸು ಹತ್ತಿ ಇಳಿಯುತ್ತಿದ್ದಾರೆ, ಈಚೆ ಇಂಥದ್ದೊಂದು ಹುಟ್ಟುತ್ತಿರುವುದು ಒಬ್ಬರಿಗೂ ಗೊತ್ತಿಲ್ಲ. ನೋಟೀಸಿನ ಪುಸ್ತಕ ಚೀಲದಲ್ಲೇ ಉಳಿಯಿತು. ನಾಲ್ಕು ಬನ್ ಕಟ್ಟಿಸಿಕೊಂಡಳು.

ಮನೆಯಲ್ಲಿ ಅತ್ತೆ ಎಂದಿನಂತೆ ಮುಖ ತಿರುಗಿಸಿದರು. ಸೊಸೆಯ ಕಾಟಕ್ಕೆ ಒಂದು ಚೂರು ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿ ಹಾಗೇ ಕುಳಿತರು. ಎರಡನೆಯ ಚೂರನ್ನು ತಾವೇ ಮುರಿದುಕೊಂಡರು. ಪೂರ್ತಿ ಬನ್ ಮುಗಿಸಿ, ಬೆರಳಿಗಂಟಿದ್ದ ಸಕ್ಕರೆಯನ್ನೂ ನೆಕ್ಕಿದರು. ಸೊಸೆ ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತಳು.

ಅಲ್ಲಿಂದಾಚೆ ಗ್ರಾಂ ಮೇಡಂ ಎಲ್ಲೇ ಡ್ಯೂಟಿಗೆ ಹೋಗಲಿ, ಮೂರು ಗಂಟೆಗೆ ಆ ಕಿಟಕಿಯಲ್ಲಿ ಹಾಜರು. ಮೂರು ಭಾನುವಾರ ಕಳೆಯುವಷ್ಟರಲ್ಲಿ ಅತ್ತೆ ನಲವತ್ತಕ್ಕೆ ಏರಿದರು. ಬೇರೆ ಟ್ರೇಗಳಲ್ಲಿ ಇವತ್ತು ಬ್ರೆಡ್ಡು, ನಾಳೆ ಕೇಕು ಎಂದು ತಿಂಡಿ ಬದಲಾಗುತ್ತಿತ್ತು, ಸುರುಳಿ ಬನ್ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಮೇಷ್ಟ್ರು ನಗುತ್ತ ಒಳಗೆ ಕೈ ತೋರಿಸಿದರು. ಓವನ್ನಿನ ಪಕ್ಕ ಒಬ್ಬ ದೈತ್ಯ ಬೆವರು ಸುರಿಸುತ್ತ ಹಿಟ್ಟು ನಾದುತ್ತಿದ್ದ. ಇಪ್ಪತ್ತು ವರ್ಷ ಲಾರಿ ಓಡಿಸಿದವನು, ಬೆನ್ನು ಕೈಕೊಟ್ಟ ಮೇಲೆ ಈ ಕೆಲಸ ಕಲಿಯಲು ಬಂದಿದ್ದ. ಪರೀಕ್ಷೆಯಲ್ಲಿ ತಕ್ಕಡಿ ಮುಟ್ಟದೆ ಹನ್ನೆರಡು ಬನ್ ಮಾಡಬೇಕು, ಹನ್ನೆರಡೂ ಮೂರು ಗ್ರಾಮಿನ ಅಂತರದೊಳಗೆ ಇರಬೇಕು. ಜೊತೆಯವರೆಲ್ಲ ಪಾಸಾಗಿ ಮುಂದಿನ ಪಾಠಕ್ಕೆ ಹೋದರು. ಇವನು ಮೂರು ಸಲ ಫೇಲು. ಎರಡು ತಿಂಗಳಿಂದ ಅದೊಂದೇ ಬನ್ನನ್ನು ಮಾಡಿ ಮಾಡಿ ಕೈಯಲ್ಲಿ ಆ ರುಚಿ ಕೂತಿದೆ, ತೂಕ ಮಾತ್ರ ಕೂತಿಲ್ಲ. ಈ ಶುಕ್ರವಾರ ಈ ವರ್ಷದ ಕೊನೆಯ ಅವಕಾಶ, ಅದರಲ್ಲೂ ಫೇಲಾದರೆ ಇನ್ನೊಂದು ವರ್ಷ ಇದೇ ಗತಿ.

ಅಷ್ಟರಲ್ಲಿ ಲಾರಿಯವನೇ ಕೈಯೊರೆಸಿಕೊಳ್ಳುತ್ತ ಕಿಟಕಿಗೆ ಬಂದ.

“ಮೇಡಂ, ನೀವು ಕೈಯಲ್ಲಿ ಹಿಡಿದ್ರೆ ಸಾಕು, ತೂಕ ಹೇಳ್ತೀರಂತೆ. ನನಗೂ ಸ್ವಲ್ಪ ಹೇಳ್ಕೊಡ್ತೀರಾ?”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನು ಪಾಸಾದರೆ ಬನ್ ನಿಂತಿತು. ಬನ್ ನಿಂತರೆ ಅತ್ತೆ? ನೋಡೋಣ ಎಂದು ಏನೋ ಗೊಣಗಿ ಅಲ್ಲಿಂದ ಕಾಲುಕಿತ್ತಳು. ಮರುದಿನ ಕಿಟಕಿಗೆ ಹೋಗುವುದಕ್ಕೇ ಮುಖವಿಲ್ಲದೆ ಬರಿಗೈಯಲ್ಲಿ ಮನೆಗೆ ಬಂದಳು. ಊರಿಗೆಲ್ಲ ನ್ಯಾಯದ ತೂಕ ಹೇಳುವವಳು ತಾನು! ರಾತ್ರಿ ಊಟಕ್ಕೆ ಕುಳಿತಾಗ ತಡೆಯಲಾರದೆ ಅತ್ತೆಗೆ ಎಲ್ಲ ಹೇಳಿಬಿಟ್ಟಳು.

ಅತ್ತೆ ನೆಟ್ಟಗೆ ಕೂತರು. ಆಮೇಲೆ ಎಕ್ಸ್‌ಚೇಂಜಿನ ಆ ಹಳೇ ದನಿಯಲ್ಲಿ ಹೇಳಿದರು: “ಹೋಗಿ ಹೇಳ್ಕೊಡು. ಅವನು ಫೇಲಾಗ್ತಾ ಇರ್ಲಿ, ನಾನು ತಿಂದು ದಪ್ಪ ಆಗ್ತೀನಿ ಅಂತ ಕೂತ್ಕೊಳ್ಳೋದಕ್ಕೆ ನನಗೇನು ನಾಚಿಕೆ ಇಲ್ವೇನೇ?”

ಮರುದಿನ ರಜೆ ಹಾಕಿ ಹೋದಳು. ಅವನ ತಪ್ಪು ಐದು ನಿಮಿಷದಲ್ಲಿ ಗೊತ್ತಾಯಿತು. ಲಾರಿಯನ್ನು ಸಂದಿಗೊಂದಿಗೆ ಕಣ್ಣಳತೆಯಲ್ಲೇ ನುಗ್ಗಿಸಿದ ಮನುಷ್ಯ ಹಿಟ್ಟನ್ನೂ ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದ. ಹಿಟ್ಟೋ, ಒಳಗೆ ಗಾಳಿ ತುಂಬಿಕೊಂಡು ಕಣ್ಣಿಗೆ ಮೋಸ ಮಾಡುತ್ತಿತ್ತು. ಅವಳು ಅವನ ಕಣ್ಣು ಮುಚ್ಚಿಸಿದಳು. ಎಡಗೈಗೆ ತನ್ನ ಹಿತ್ತಾಳೆಯ ತೂಕದ ಕಲ್ಲನ್ನಿಟ್ಟು, ಬಲಗೈಗೆ ಹಿಟ್ಟು ಕೊಟ್ಟು, ಎರಡೂ ಕೈ ಒಂದೇ ಎನ್ನಿಸುವವರೆಗೆ ಚಿವುಟಿ ತೆಗೆಯಲು ಹೇಳಿದಳು. ಸಂಜೆಯವರೆಗೆ ಮಾಡಿಸಿದಳು, ಬೈದಳು, ಮತ್ತೆ ಮಾಡಿಸಿದಳು. ಆಮೇಲೆ ಕಲ್ಲನ್ನು ತೆಗೆದುಬಿಟ್ಟಳು. ಬರಿಯ ಎಡಗೈ ಆ ಭಾರವನ್ನು ನೆನಪಿಟ್ಟುಕೊಂಡು ಹಾಗೇ ನಿಂತಿತ್ತು.

ಶುಕ್ರವಾರ ಅವಳು ಕಿಟಕಿಯ ಹೊರಗೆ ನಿಂತಳು. ಅಷ್ಟು ದೊಡ್ಡ ದೇಹ ಕಣ್ಣು ಮುಚ್ಚಿ, ಹಿಟ್ಟನ್ನು ನಿದ್ದೆ ಹೋದ ಮಗುವಿನ ಹಾಗೆ ಅಂಗೈಯಲ್ಲಿ ಹೊತ್ತು ತೂಗುತ್ತಿತ್ತು. ಬೆಂದು ಬಂದ ಬನ್‌ಗಳನ್ನು ಮೇಷ್ಟ್ರು ತೂಗಿದರು. ಅರವತ್ತೈದು. ಅರವತ್ತಾರು. ಅರವತ್ತೈದು. ಹನ್ನೆರಡನೆಯದೂ ಅರವತ್ತೈದು. ಸರ್ಕಾರದ ತಕ್ಕಡಿಗಳೂ ಒಮ್ಮೊಮ್ಮೆ ಇಷ್ಟು ನಿಖರ ಇರುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನುಷ್ಯನ ಕೈ ಎಂಥದಪ್ಪಾ ಎಂದುಕೊಂಡಳು. ಲಾರಿಯವನು ಕಣ್ಣು ಬಿಟ್ಟು ನೋಡಿದ್ದು ಮೇಷ್ಟ್ರನ್ನಲ್ಲ, ಕಿಟಕಿಯನ್ನು. ಅವಳು ತಲೆಯಾಡಿಸಿದಳು. ಕೊನೆಯ ನಾಲ್ಕು ಸುರುಳಿ ಬನ್ ತೆಗೆದುಕೊಂಡು ಮನೆಗೆ ಹೋದಳು.

ಸೋಮವಾರ ಅವನ ಟ್ರೇಯಲ್ಲಿ ಬಿಸ್ಕತ್ತು. ಮೊದಲ ದಿನದ ಬಿಸ್ಕತ್ತು. ಒಂದು ಬದಿ ಸೀದು ಕರ್ರಗೆ, ಇನ್ನೊಂದು ಬದಿ ಬಿಳಿಚಿಕೊಂಡು ಹಸಿ. ಲಾರಿಯವನು ನಾಚಿಕೆಯಿಂದ ತಲೆಯೆತ್ತಲಿಲ್ಲ. ಬೇರೆ ದಾರಿ ಕಾಣದೆ ಅವಳು ಅದನ್ನೇ ಒಂದು ಪೊಟ್ಟಣ ಕಟ್ಟಿಸಿಕೊಂಡಳು. ದಾರಿಯುದ್ದಕ್ಕೂ ಆಸ್ಪತ್ರೆಯ ನಳಿಗೆಯೇ ಕಣ್ಣಮುಂದೆ ಬರುತ್ತಿತ್ತು.

ಅತ್ತೆ ಒಂದು ಬಿಸ್ಕತ್ತು ಕಚ್ಚಿದರು. ಮುಖ ಕಿವಿಚಿದರು. ನಿಧಾನಕ್ಕೆ ಅಗಿದು ನುಂಗಿದರು.

“ಉಪ್ಪು ಎರಡು ಸಲ ಹಾಕಿದ್ದಾನೆ. ಈ ಕಡೆ ಸೀದು ಕಹಿಯಾಗಿದೆ. ನಾಳೆ ಹೋದಾಗ ಹೇಳು.”

ಸೊಸೆ ತಟ್ಟನೆ ತಲೆಯೆತ್ತಿದಳು. ಅತ್ತೆಗೆ ಉಪ್ಪು ತಿಳಿಯಿತು. ಕಹಿ ತಿಳಿಯಿತು. ಸೊರಗಿ ಸಣ್ಣಗಾದ ಆ ಮುಖವನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ, ಚೆನ್ನಾಗಿಲ್ಲದಿದ್ದರೆ ಬಿಟ್ಟುಬಿಡಿ, ಬೇರೆ ಏನಾದರೂ ಮಾಡಿಕೊಡುತ್ತೇನೆ ಎಂದು ಪೊಟ್ಟಣಕ್ಕೆ ಕೈಹಾಕಿದಳು.

ಅತ್ತೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. “ಬಿಡೋದ್ಯಾಕೆ? ಅವನು ಇನ್ನೂ ಕಲೀತಿದ್ದಾನೆ. ತಿಂದು ಹೇಳೋರು ಒಬ್ಬರಾದ್ರೂ ಬೇಕಲ್ವೇನೇ?”

ಹಾಗೆಂದು ಎರಡನೆಯ ಬಿಸ್ಕತ್ತು ತೆಗೆದುಕೊಂಡರು.